ಪಿಕಪ್‌ಗೆ ಒಳ್ಳೆಯ ದನಿ: ಎಕ್ಸಾಸ್ಟ್ ಬದಲಿಸುವ ಮುನ್ನ ಒಂದಿಷ್ಟು ಲೆಕ್ಕ

ಪಿಕಪ್ ಇಟ್ಟುಕೊಂಡವರು ಒಂದಲ್ಲ ಒಂದು ದಿನ ಸೈಲೆನ್ಸರ್ ಕಡೆ ಕಣ್ಣು ಹಾಯಿಸುತ್ತಾರೆ. ಅಷ್ಟು ದೊಡ್ಡ ಮೈ, ಅಷ್ಟು ದೊಡ್ಡ ಎಂಜಿನ್. ದನಿ ಮಾತ್ರ ಹೊಲಿಗೆ ಯಂತ್ರದ್ದು. ನಾನೂ ಆ ದಾರಿಯಲ್ಲಿ ಹೋದವನೇ. ಮೊದಲ ಸಲ ಮಾಡಿದ್ದು ಎಲ್ಲಕ್ಕಿಂತ ಸುಲಭದ, ಎಲ್ಲಕ್ಕಿಂತ ದಡ್ಡ ಕೆಲಸ: ಸದ್ದು ತಗ್ಗಿಸುವ ಡಬ್ಬವಾದ ಮಫ್ಲರನ್ನೇ ಕತ್ತರಿಸಿ ತೆಗೆಸಿ, ಆ ಜಾಗಕ್ಕೆ ಒಂದು ನೇರ ಕೊಳವೆ ಬೆಸೆಸಿದೆ. ಗ್ಯಾರೇಜಿನಿಂದ ಹೊರಬಿದ್ದ ಮೊದಲ ಇಪ್ಪತ್ತು ನಿಮಿಷ ಸ್ವರ್ಗ. ಹೆದ್ದಾರಿಗೆ ಏರಿ ವೇಗ ಒಂದೇ ಸಮನಾದ ಮೇಲೆ ಕ್ಯಾಬಿನ್ನಿನೊಳಗೆ ಗುಂಯ್ ಎಂಬ ಒಂದು ಮೊರೆತ ಶುರುವಾಯಿತು. ಕಿವಿಗಿಂತ ಹೆಚ್ಚಾಗಿ ಹಲ್ಲಿನ ಬುಡಕ್ಕೆ ತಾಗುವಂಥದ್ದು. ಎರಡು ಗಂಟೆಯ ನಂತರ ಇಳಿದಾಗ ನನ್ನ ತಲೆ ಭಾರವಾಗಿತ್ತು. ಪಕ್ಕದಲ್ಲಿ ಕುಳಿತಿದ್ದವರ ಮುಖ ಅದಕ್ಕಿಂತ ಭಾರವಾಗಿತ್ತು.

ಎಕ್ಸಾಸ್ಟ್ ಕೆಲಸ ಅಕ್ಕಿ ಆರಿಸಿದ ಹಾಗೆ. ಎಂಜಿನ್ ಒಂದೇ ಏಟಿಗೆ ಹತ್ತಾರು ಆವರ್ತನಗಳನ್ನು ಉಗುಳುತ್ತದೆ. ಅದರಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ಕೂತು ಆರಿಸಬೇಕು. ನಾನು ಮೊರವನ್ನೇ ಎಸೆದಿದ್ದೆ.

ದನಿ ಹುಟ್ಟುವ ಜಾಗ

ಸಿಲಿಂಡರಿನಲ್ಲಿ ಇಂಧನ ಉರಿದು ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಪಿಸ್ಟನ್ ಪೂರ್ತಿ ತಳಮುಟ್ಟುವ ಮೊದಲೇ ಎಕ್ಸಾಸ್ಟ್ ವಾಲ್ವ್ ತೆರೆದುಕೊಳ್ಳುತ್ತದೆ. ಎಂಜಿನ್ ಭಾರ ಎಳೆಯುತ್ತಿದ್ದರೆ ಆ ಗಳಿಗೆಯಲ್ಲಿ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಹಲವು ಪಟ್ಟು ಹೆಚ್ಚಿರುತ್ತದೆ. ಆ ಒತ್ತಡ ಕೊಳವೆಗೆ ನುಗ್ಗುವ ರಭಸವೇ ದನಿಯ ಬೀಜ. ಹೊಗೆ ತನ್ನ ಪಾಡಿಗೆ ಹಿಂದೆ ಬರುತ್ತದೆ. ಒತ್ತಡದ ಅಲೆ ಮಾತ್ರ ಶಬ್ದದ ವೇಗದಲ್ಲಿ ಮುಂದೋಡುತ್ತದೆ. ಈ ವೇಗ ಬಿಸಿಯ ಜೊತೆ ಏರುತ್ತದೆ. 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಅದು ಸೆಕೆಂಡಿಗೆ 343 ಮೀಟರ್, 400 ಡಿಗ್ರಿಯಲ್ಲಿ ಸುಮಾರು 520 ಮೀಟರ್. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಮಾನ ಹೋದದ್ದು ಇಲ್ಲೇ.

ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ಹಾಗಾಗಿ ಸೆಕೆಂಡಿಗೆ ಎಷ್ಟು ಏಟು, ಎಂದರೆ ಎಷ್ಟು ಹರ್ಟ್ಸ್ ಎಂಬ ಲೆಕ್ಕ ಸರಳ: ನಿಮಿಷಕ್ಕೆ ಎಷ್ಟು ಸುತ್ತು ಎಂಬುದನ್ನು 60ರಿಂದ ಭಾಗಿಸಿ, ಸಿಲಿಂಡರುಗಳ ಸಂಖ್ಯೆಯ ಅರ್ಧದಿಂದ ಗುಣಿಸಿ. ಎಂಟು ಸಿಲಿಂಡರಿನ ಎಂಜಿನ್ ನಿಂತಲ್ಲೇ 600 ಸುತ್ತಿನಲ್ಲಿ ತಿರುಗುತ್ತಿದ್ದರೆ 40 ಹರ್ಟ್ಸ್. 1,800 ಸುತ್ತಿಗೆ ಏರಿಸಿದರೆ 120 ಹರ್ಟ್ಸ್. ಅದೇ 1,800ರಲ್ಲಿ ಆರು ಸಿಲಿಂಡರಿನದು 90, ನಾಲ್ಕು ಸಿಲಿಂಡರಿನದು 60. ಇದು ಮೂಲ ಸ್ವರ. ಇದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟಿನ ಸ್ವರಗಳೂ ಜೊತೆಯಲ್ಲೇ ಬರುತ್ತವೆ. ಕೆಳಗಿನವು ದನಿಗೆ ಮೈ ತುಂಬುತ್ತವೆ. ತೀರಾ ಮೇಲಿನವು ಹರಿದ ತಗಡಿನಂತೆ ಕರಕರ ಎನ್ನುತ್ತವೆ.

ಹಾಗಾದರೆ ವಿ8ನ, ಎಂದರೆ ವಿ ಆಕಾರದ ಎರಡು ಸಾಲುಗಳಲ್ಲಿ ಎಂಟು ಸಿಲಿಂಡರುಗಳಿರುವ ಎಂಜಿನ್ನಿನ ಆ ಪ್ರಸಿದ್ಧ ಗುಡುಗುಡು ಎಲ್ಲಿಂದ ಬಂತು? ಪಿಕಪ್‌ಗಳಲ್ಲಿ ಇರುವ ವಿ8ಗಳ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ಸಾಮಾನ್ಯವಾಗಿ ಅಡ್ಡ ಸಮತಲದ್ದು, ಎಂದರೆ ತುದಿಯಿಂದ ನೋಡಿದರೆ ಅದರ ತೋಳುಗಳು ಕೂಡಿಸುವ ಚಿಹ್ನೆಯಂತೆ ಕಾಣುತ್ತವೆ. ಒಂದು ಹೆಸರಾಂತ ಉರಿಯುವ ಕ್ರಮವನ್ನೇ ತೆಗೆದುಕೊಳ್ಳಿ: 1-8-4-3-6-5-7-2. ಇಡೀ ಎಂಜಿನ್ನಿಗೆ ಪ್ರತಿ 90 ಡಿಗ್ರಿಗೆ ಒಂದು ಏಟು, ಲಯ ನೇರ. ಆದರೆ ಎಡಗಡೆಯ ಸಾಲಿನಲ್ಲಿರುವ ಬೆಸ ಸಂಖ್ಯೆಗಳನ್ನು ಮಾತ್ರ ಕೇಳಿ. 1ನೆಯದರ ನಂತರ 3ನೆಯದಕ್ಕೆ 270 ಡಿಗ್ರಿ, ಅಲ್ಲಿಂದ 5ಕ್ಕೆ 180, ಅಲ್ಲಿಂದ 7ಕ್ಕೆ 90, ಮತ್ತೆ 1ಕ್ಕೆ 180. ತೊಂಬತ್ತು ಡಿಗ್ರಿಯನ್ನು ಒಂದು ಅಕ್ಷರಕಾಲ ಎಂದುಕೊಂಡರೆ ಮೂರು, ಎರಡು, ಒಂದು, ಎರಡು. ಒಟ್ಟು ಎಂಟೇ, ಆದಿತಾಳದ ಲೆಕ್ಕ ಸರಿಯಾಗಿದೆ, ನಡೆ ಮಾತ್ರ ವಕ್ರ. ಪ್ರತಿ ಸಾಲಿನ ಕೊಳವೆಯಲ್ಲಿ ಓಡುವ ಈ ವಕ್ರ ನಡೆಯೇ ಆ ಗುಡುಗುಡು.

ನಾಲ್ಕು ಸಿಲಿಂಡರುಗಳು ಸಾಲಾಗಿರುವ ಎಂಜಿನ್ನಿನಲ್ಲಿ ಏಟುಗಳು ಪ್ರತಿ 180 ಡಿಗ್ರಿಗೆ ತಪ್ಪದೆ ಬೀಳುತ್ತವೆ. ಅದಕ್ಕೆ ಯಾವ ಮಫ್ಲರ್ ಹಾಕಿದರೂ ವಿ8 ದನಿ ಬರುವುದಿಲ್ಲ. ಮಾರುವವರು ಏನೇ ಹೇಳಲಿ, ತಬಲಾದ ಬಾಯಿಗೆ ನಗಾರಿಯ ಚರ್ಮ ಕಟ್ಟಿದರೆ ತಬಲಾವೂ ಉಳಿಯುವುದಿಲ್ಲ, ನಗಾರಿಯೂ ಆಗುವುದಿಲ್ಲ. ಅಂಥ ಎಂಜಿನ್ನಿಗೆ ಸ್ವಲ್ಪ ಗಟ್ಟಿಯಾದ, ತಗ್ಗಿನ, ಕರಕರವಿಲ್ಲದ ದನಿ ಸಿಕ್ಕರೆ ಅದೇ ಗೆಲುವು. ಟರ್ಬೋ ಇರುವ ಡೀಸೆಲ್‌ನಲ್ಲಿ ಆಸೆಯನ್ನು ಇನ್ನೂ ಕಡಿಮೆ ಮಾಡಿಕೊಳ್ಳಬೇಕು. ಟರ್ಬೈನ್ ಚಕ್ರ ಒತ್ತಡದ ಏಟುಗಳ ಶಕ್ತಿಯನ್ನೇ ತಿಂದು ತಿರುಗುತ್ತದೆ. ಅದರ ಹಿಂದಿರುವ ಮಸಿ ಸೋಸುವ ಫಿಲ್ಟರ್ ಉಳಿದದ್ದನ್ನು ನುಂಗುತ್ತದೆ. ಕೊನೆಗೆ ಮಫ್ಲರಿಗೆ ತಲುಪುವುದು ದನಿಯ ನೆರಳು ಮಾತ್ರ.

ಮಫ್ಲರಿನ ಹೊಟ್ಟೆಯಲ್ಲಿ ಏನಿದೆ

ಎಂಜಿನ್ನಿನ ಎಕ್ಸಾಸ್ಟ್ ಮಫ್ಲರಿಗೆ ಅಮೆರಿಕದಲ್ಲಿ ಮಾರ್ಷಲ್ ರೀವ್ಸ್ ಮತ್ತು ಮಿಲ್ಟನ್ ರೀವ್ಸ್ ಸಹೋದರರು ಪೇಟೆಂಟ್ ಪಡೆದದ್ದು 1897ರಲ್ಲಿ. ಅಂದಿನಿಂದ ಇಂದಿನವರೆಗೂ ಶಬ್ದ ತಗ್ಗಿಸಲು ಮುಖ್ಯವಾಗಿ ಇರುವುದು ಎರಡೇ ಉಪಾಯ: ಅಲೆಯ ಮೇಲೆ ಅಲೆಯನ್ನೇ ಎತ್ತಿಕಟ್ಟುವುದು, ಇಲ್ಲವೇ ಅಲೆಯನ್ನು ಹೀರಿ ಬಿಸಿಯಾಗಿಸುವುದು.

ಮೊದಲನೆಯದು ಕೋಣೆಗಳ ಮಫ್ಲರ್. ಒಳಗೆ ಉಕ್ಕಿನ ಗೋಡೆಗಳಿರುತ್ತವೆ. ಅಲೆ ಗೋಡೆಗೆ ಬಡಿದು ಹಿಂತಿರುಗಿ, ಮುಂದಿನ ಅಲೆಗೆ ಎದುರಾಗುತ್ತದೆ. ಒಂದರ ಏರು ಇನ್ನೊಂದರ ಇಳಿವಿನ ಮೇಲೆ ಬಿದ್ದರೆ ಎರಡೂ ಅಳಿಸಿಹೋಗುತ್ತವೆ. ಎಲ್ಲ ಆವರ್ತನಗಳಿಗೂ ಈ ಲೆಕ್ಕ ಕೂಡುವುದಿಲ್ಲ. ಕೂಡದೆ ಉಳಿದವು ಇನ್ನಷ್ಟು ಎದ್ದು ಕಾಣುತ್ತವೆ. ಅದಕ್ಕೇ ಇದರ ದನಿಯಲ್ಲಿ ಒಂದು ಟೊಳ್ಳು, ಒಂದು ಗತ್ತು, ಆಕ್ಸಿಲರೇಟರ್ ತುಳಿದಾಗ ಎದೆಗೆ ಗುದ್ದುವ ಗುಣ. ಕ್ಯಾಬಿನ್ನಿನೊಳಗೆ ಮೊರೆತ ಎಬ್ಬಿಸುವುದರಲ್ಲೂ ಇದಕ್ಕೇ ಹೆಚ್ಚಿನ ಕೆಟ್ಟ ಹೆಸರು.

ಎರಡನೆಯದು ನೇರ ಹಾಯುವ ಮಫ್ಲರ್. ನಡುವೆ ತೂತುಗಳಿರುವ ಒಂದು ಕೊಳವೆ, ಅದರ ಸುತ್ತ ಗಾಜಿನ ನಾರು ಅಥವಾ ಉಕ್ಕಿನ ಎಳೆಗಳ ತುಂಬು. ಹೊಗೆಗೆ ತಡೆ ಇಲ್ಲವೆನ್ನುವಷ್ಟು ಕಡಿಮೆ. ಅಲೆ ತೂತಿನ ಮೂಲಕ ನಾರಿನೊಳಗೆ ನುಗ್ಗಿ ಅಲ್ಲೇ ಒದ್ದಾಡಿ ಬಿಸಿಯಾಗಿ ಸಾಯುತ್ತದೆ. ಎತ್ತರದ ಸ್ವರಗಳು ಇದರಲ್ಲಿ ಬೇಗ ಅಡಗುತ್ತವೆ, ತಗ್ಗಿನವು ದಾಟಿ ಹೋಗುತ್ತವೆ. ಆದ್ದರಿಂದ ದನಿ ನಯವಾಗಿ, ತುಂಬಿದಂತೆ ಕೇಳುತ್ತದೆ. ಉದ್ದ ಹೆಚ್ಚಿದಷ್ಟೂ ಶಬ್ದ ಕಡಿಮೆ. ಅಂಗಡಿಯಲ್ಲಿ ಒಂದೇ ಹೆಸರಿನ ಮಫ್ಲರ್ ಎರಡು ಮೂರು ಉದ್ದಗಳಲ್ಲಿ ಸಿಗುವುದು ಇದಕ್ಕೇ. ಗಾಜಿನ ನಾರು ವರ್ಷಗಳು ಕಳೆದಂತೆ ಸುಟ್ಟು ಉದುರುತ್ತದೆ, ಹಾಗಾಗಿ ಕೊಂಡ ದಿನದ ದನಿ ಕೊನೆಯವರೆಗೂ ಹಾಗೇ ಇರುತ್ತದೆ ಎಂದುಕೊಳ್ಳಬೇಡಿ.

ಮೂರನೆಯದಾಗಿ ಟರ್ಬೋ ಮಫ್ಲರ್ ಎಂದು ಕರೆಯುವ, ಒಳಗೆ ಹಾವಿನಂತೆ ತಿರುಗುವ ಕೊಳವೆಯ ಒಂದು ಬಗೆಯಿದೆ. ಇದು ಟರ್ಬೋ ಎಂಜಿನ್ನಿಗೇ ಬೇಕು ಎಂದೇನಿಲ್ಲ. 1960ರ ದಶಕದಲ್ಲಿ ಷೆವ್ರೊಲೆ ಕಾರ್ವೇರ್ ಕಾರಿನ ಟರ್ಬೋ ಮಾದರಿಯ ಮಫ್ಲರನ್ನು ಕಿತ್ತು ಬೇರೆ ಗಾಡಿಗಳಿಗೆ ಹಾಕುತ್ತಿದ್ದರು. ಹೆಸರು ಅಲ್ಲಿಂದ ಅಂಟಿಕೊಂಡಿತು. ಕಂಪನಿಯ ದನಿಗಿಂತ ಒಂದೇ ಮೆಟ್ಟಿಲು ಮೇಲೆ ಸಾಕು ಎನ್ನುವವರಿಗೆ ಇದು ಸರಿ.

ಮಫ್ಲರಿನ ಜೊತೆಗೆ ಬಹಳ ಗಾಡಿಗಳಲ್ಲಿ ರೆಸೊನೇಟರ್ ಎಂಬ ಸಣ್ಣ ಡಬ್ಬವೂ ಇರುತ್ತದೆ. ಕರಕರ ಸ್ವರಗಳನ್ನು ಹೆಕ್ಕಿ ತೆಗೆಯುವುದು ಅದರ ಕೆಲಸ. ಅಗ್ಗದಲ್ಲಿ ದನಿ ಹೆಚ್ಚಿಸಲು ಮೊದಲು ಕತ್ತರಿ ಬೀಳುವುದು ಪಾಪ ಇದರ ಮೇಲೆಯೇ. ವಿ6 ಪಿಕಪ್‌ನಿಂದ ರೆಸೊನೇಟರ್ ತೆಗೆದರೆ ಬರುವ ದನಿಯನ್ನು ಒಮ್ಮೆ ಕೇಳಿ. ಜೇನ್ನೊಣಗಳನ್ನು ತಗಡಿನ ಡಬ್ಬದಲ್ಲಿ ಕೂಡಿಹಾಕಿದಂತಿರುತ್ತದೆ.

ಕೊಳವೆಯ ಅಳತೆ, ಕೊಳವೆಯ ದಾರಿ

ಎಂಜಿನ್ನಿಗೆ ಹಿಮ್ಮುಖ ಒತ್ತಡ ಬೇಕೇ ಬೇಕು ಎಂಬ ಮಾತು ಗ್ಯಾರೇಜುಗಳಲ್ಲಿ ಇನ್ನೂ ಓಡಾಡುತ್ತಿದೆ. ಎಂಜಿನ್ನಿಗೆ ಬೇಕಾದದ್ದು ಹೊಗೆಯ ವೇಗ. ವೇಗವಾಗಿ ಹೋಗುವ ಒಂದು ಏಟು ತನ್ನ ಹಿಂದೆ ಒತ್ತಡ ಕಡಿಮೆ ಮಾಡಿ ಮುಂದಿನ ಸಿಲಿಂಡರಿನ ಹೊಗೆಯನ್ನು ಸೆಳೆಯುತ್ತದೆ. ಕೊಳವೆ ತೀರಾ ದೊಡ್ಡದಾದರೆ ವೇಗ ಕುಗ್ಗುತ್ತದೆ, ಕಡಿಮೆ ಸುತ್ತಿನ ಎಳೆತ ಸ್ವಲ್ಪ ಸೊರಗಬಹುದು. ಜನ ಅದನ್ನು ಒತ್ತಡದ ಕೊರತೆ ಎಂದು ತಪ್ಪಾಗಿ ಓದಿಕೊಂಡರು. ಅಳತೆಯಲ್ಲಿ ನೆನಪಿಡಬೇಕಾದದ್ದು, ವ್ಯಾಸ ಸ್ವಲ್ಪ ಹೆಚ್ಚಿದರೂ ಜಾಗ ಬಹಳ ಹೆಚ್ಚುತ್ತದೆ. ಎರಡೂವರೆ ಇಂಚಿನಿಂದ ಮೂರು ಇಂಚಿಗೆ ಹೋದರೆ ಕೊಳವೆಯ ಬಾಯಿ ಶೇ 44ರಷ್ಟು ಹಿಗ್ಗುತ್ತದೆ. ಎರಡೂವರೆ ಇಂಚಿನ ಎರಡು ಕೊಳವೆಗಳು ಹೆಚ್ಚು ಕಡಿಮೆ ಮೂರೂವರೆ ಇಂಚಿನ ಒಂದು ಕೊಳವೆಗೆ ಸಮ. ಜೋಡಿ ಕೊಳವೆ ನೋಡಲು ಚಂದ ಎಂದು ಹಾಕಿಸುವ ಮುನ್ನ ಈ ಲೆಕ್ಕ ಮಾಡಿ. ಬಾಗು ಹೇಗೆ ಮಾಡಿದ್ದಾರೆ ಎಂಬುದನ್ನೂ ನೋಡಿ: ಒಳಗೆ ಅಚ್ಚಿಟ್ಟು ಬಗ್ಗಿಸಿದ ಕೊಳವೆ ತಿರುವಿನಲ್ಲೂ ದುಂಡಗೇ ಇರುತ್ತದೆ, ಸುಮ್ಮನೆ ಒತ್ತಿ ಬಗ್ಗಿಸಿದ್ದು ಅಲ್ಲಿ ಚಪ್ಪಟೆಯಾಗಿ ಸುಕ್ಕುಗಟ್ಟಿರುತ್ತದೆ.

ವಿ8ಗೆ ಎರಡು ಕೊಳವೆಗಳನ್ನು ಬೇರೆಬೇರೆಯಾಗಿಯೇ ಹಿಂದಕ್ಕೆ ಒಯ್ದರೆ ಆ ವಕ್ರ ನಡೆ ಹಸಿಹಸಿಯಾಗಿ ಕೇಳುತ್ತದೆ. ನಡುವೆ ಒಂದು ಅಡ್ಡ ಕೊಳವೆ ಹಾಕಿ ಏಣಿಯ ಮೆಟ್ಟಿಲಿನಂತೆ ಜೋಡಿಸಿದರೆ ಗುಡುಗು ಉಳಿದು ಒರಟುತನ ಸ್ವಲ್ಪ ಇಳಿಯುತ್ತದೆ. ಎರಡನ್ನೂ ಕತ್ತರಿಯಂತೆ ಒಂದೇ ಕಡೆ ಹಾಯಿಸಿದರೆ ಎರಡು ಸಾಲುಗಳ ಏಟುಗಳು ಬೆರೆತು ಲಯ ನೇರವಾಗುತ್ತದೆ. ದನಿ ನಯವಾಗಿ, ಒಂದು ಸ್ವರ ಮೇಲೇರಿದಂತೆ ಕೇಳುತ್ತದೆ. ನನಗೆ ಏಣಿಯೇ ಇಷ್ಟ. ಪಿಕಪ್ ಗುರುಗುಟ್ಟಬೇಕು, ಕಿರುಚಬಾರದು.

ಲೋಹದ ವಿಷಯ ಚಿಕ್ಕದು. 304 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನಲ್ಲಿ ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕಲ್, ಬಾಳಿಕೆ ಬರುತ್ತದೆ. 409 ದರ್ಜೆಯಲ್ಲಿ ಕ್ರೋಮಿಯಂ ಸುಮಾರು ಶೇ 11 ಮಾತ್ರ. ಮೇಲ್ಮೈ ಕಂದಾಗುತ್ತದೆ, ಆದರೆ ಬೇಗ ತೂತು ಬೀಳುವುದಿಲ್ಲ. ಅಯಸ್ಕಾಂತ ಇಟ್ಟು ನೋಡಿ: 409 ಹಿಡಿಯುತ್ತದೆ, 304 ಹಿಡಿಯುವುದಿಲ್ಲವೆಂದೇ ಹೇಳಬಹುದು. ತುಕ್ಕು ಹೊರಗಿನಿಂದಷ್ಟೇ ಬರುವುದಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರೂ ಹುಟ್ಟುತ್ತದೆ. ಗಾಡಿ ಬಿಸಿಯಾಗುವ ಮೊದಲೇ ನಿಲ್ಲಿಸುವ ಅಭ್ಯಾಸವಿದ್ದರೆ ಆ ನೀರು ಮಫ್ಲರಿನ ತಳದಲ್ಲೇ ಕೂತು ತಿನ್ನುತ್ತದೆ. ಮಫ್ಲರಿನ ಕೆಳಗಿರುವ ಪುಟ್ಟ ತೂತು ತಯಾರಿಕೆಯ ದೋಷವಲ್ಲ. ನೀರು ಬಸಿಯಲು ಬಿಟ್ಟದ್ದು. ಅದನ್ನು ಬೆಸೆದು ಮುಚ್ಚಿದವರನ್ನು ನಾನು ನೋಡಿದ್ದೇನೆ.

ಎಲ್ಲಿಂದ ಬದಲಿಸಬೇಕು? ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ಹಿಂದಿನಿಂದ ತುದಿಯವರೆಗೆ ಬದಲಿಸುವುದು ಸುರಕ್ಷಿತ ಗೆರೆ. ಆಮ್ಲಜನಕ ಸಂವೇದಕಗಳು ಸಾಮಾನ್ಯವಾಗಿ ಈ ಗೆರೆಯ ಮುಂದೆಯೇ ಇರುವುದರಿಂದ ಎಂಜಿನ್ನಿನ ಕಂಪ್ಯೂಟರಿಗೆ ಏನೂ ಗೊತ್ತಾಗುವುದಿಲ್ಲ. ಕನ್ವರ್ಟರನ್ನೋ ಡೀಸೆಲ್ ಫಿಲ್ಟರನ್ನೋ ಕಿತ್ತು ದನಿ ಪಡೆಯುವುದು ಬಹಳಷ್ಟು ದೇಶಗಳಲ್ಲಿ ಅಪರಾಧ. ಅಪರಾಧವಲ್ಲದ ಕಡೆಯೂ ಅದು ಹಿಂದೆ ಬರುವವರ ಮುಖಕ್ಕೆ ವಿಷ ಊದುವ ಕೆಲಸ. ಶಬ್ದಕ್ಕೂ ಮಿತಿಯಿದೆ. ನಿಂತ ಗಾಡಿಯ ಶಬ್ದ ಅಳೆಯಲು ಐಎಸ್‌ಒ 5130 ಎಂಬ ಅಂತರರಾಷ್ಟ್ರೀಯ ಪದ್ಧತಿಯಿದೆ: ಕೊಳವೆಯ ತುದಿಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಓರೆಯಲ್ಲಿ ಮೈಕ್ ಇಟ್ಟು ಅಳೆಯುತ್ತಾರೆ. ಹತ್ತು ಡೆಸಿಬಲ್ ಹೆಚ್ಚಿದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರಾಗಿ ಕೇಳುತ್ತದೆ ಎಂಬುದು ಗೊತ್ತಿದ್ದರೆ ಕ್ಯಾಟಲಾಗ್ ಓದುವಾಗ ಉಪಯೋಗಕ್ಕೆ ಬರುತ್ತದೆ.

ಕೊಳವೆಯ ತುದಿ ಎಲ್ಲಿ ತೆರೆಯುತ್ತದೆ ಎಂಬುದು ಪಿಕಪ್‌ನಲ್ಲಿ ಜೀವದ ಪ್ರಶ್ನೆ. ಕೆಲಸ ಉಳಿಸಲು ಕೆಲವರು ಹಿಂದಿನ ಆಕ್ಸಲ್‌ಗೆ ಮೊದಲೇ, ಸರಕಿನ ತೊಟ್ಟಿಯ ಕೆಳಗೇ ಕೊಳವೆ ಮುಗಿಸುತ್ತಾರೆ. ಅಲ್ಲಿಂದ ಹೊರಟ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತೊಟ್ಟಿಗೆ ಮುಚ್ಚಳದ ಗೂಡು ಕಟ್ಟಿಸಿದ್ದರೆ, ಅಥವಾ ಕ್ಯಾಬಿನ್ನಿನ ಹಿಂದಿನ ಸರಿಯುವ ಗಾಜು ತೆರೆದಿದ್ದರೆ, ಅದು ಸೀದಾ ಒಳಗೆ ಬರುತ್ತದೆ. ತುದಿ ಗಾಡಿಯ ಅಂಚನ್ನು ದಾಟಿಯೇ ತೆರೆಯಬೇಕು. ದಾರಿಯಲ್ಲಿ ಆಕ್ಸಲ್ ಮೇಲೆದ್ದಾಗ ಬಡಿಯದಷ್ಟು ಎಡೆ ಬೇಕು, ಸ್ಟೆಪ್ನಿ ಇಳಿಸಲು ಜಾಗ ಬೇಕು. ಗಾಡಿ ಖಾಲಿ ಇದ್ದಾಗ ನೋಡಿದ ಎಡೆ ತೊಟ್ಟಿ ತುಂಬಿದಾಗ ಇರುವುದಿಲ್ಲ.

ಜೋಡಿಸುವಾಗ ಒಂದೇ ಮಾತು: ಮುಂದಿನಿಂದ ಹಿಂದಕ್ಕೆ ಎಲ್ಲವನ್ನೂ ಸಡಿಲವಾಗಿ ತೂಗುಹಾಕಿ, ಸರಿ ಕೂತಿದೆಯೇ ನೋಡಿ, ಆಮೇಲೆ ಕ್ಲ್ಯಾಂಪ್ ಬಿಗಿಯಿರಿ. ಮೂರು ಮೀಟರ್ ಉದ್ದದ 304 ಕೊಳವೆ 300 ಡಿಗ್ರಿ ಬಿಸಿಯೇರಿದರೆ ಸುಮಾರು ಒಂದೂವರೆ ಸೆಂಟಿಮೀಟರ್ ಉದ್ದವಾಗುತ್ತದೆ. ರಬ್ಬರ್ ಹ್ಯಾಂಗರ್ ಇರುವುದು ಆ ಓಡಾಟಕ್ಕೇ. ತಣ್ಣಗಿದ್ದಾಗ ಬೆರಳಷ್ಟು ಎಡೆ ಬಿಡದೆ ಕೂರಿಸಿದರೆ ಬಿಸಿಯಾದಾಗ ಕೊಳವೆ ಚಾಸಿಗೆ ತಾಗಿ ಟಕಟಕ ಎನ್ನುತ್ತದೆ, ನೀವು ಎಂಜಿನ್ನಿನಲ್ಲಿ ಏನೋ ಕೆಟ್ಟಿತೆಂದು ನಿದ್ದೆಗೆಡುತ್ತೀರಿ.

ಮತ್ತೆ ಆ ಮೊರೆತ

ಕ್ಯಾಬಿನ್ ಒಂದು ಮುಚ್ಚಿದ ಪೆಟ್ಟಿಗೆ. ಪ್ರತಿ ಪೆಟ್ಟಿಗೆಗೂ ತನ್ನದೇ ಸ್ವರವಿದೆ. ಶಬ್ದದ ವೇಗವನ್ನು ಪೆಟ್ಟಿಗೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಅದು ಸಿಗುತ್ತದೆ. ನನ್ನ ಗಾಡಿಯಲ್ಲಿ ಮುಂಗಾಜಿನಿಂದ ಹಿಂಗಾಜಿಗೆ ಸುಮಾರು 1.7 ಮೀಟರ್; 343ನ್ನು 3.4ರಿಂದ ಭಾಗಿಸಿದರೆ 101 ಹರ್ಟ್ಸ್. ಎಂಟು ಸಿಲಿಂಡರಿನ ನನ್ನ ಎಂಜಿನ್ ಹೆದ್ದಾರಿಯಲ್ಲಿ ತಿರುಗುವುದು 1,500 ಸುತ್ತಿನ ಆಸುಪಾಸಿನಲ್ಲಿ, ಎಂದರೆ 100 ಹರ್ಟ್ಸ್. ಎರಡು ತಂಬೂರಿಗಳನ್ನು ಇಷ್ಟು ಹತ್ತಿರ ಶ್ರುತಿ ಮಾಡಲು ಕಲಾವಿದರು ಎಷ್ಟು ಹೊತ್ತು ಬಿರಡೆ ತಿರುಗಿಸುತ್ತಾರೆ. ನನಗೆ ಪುಕ್ಕಟೆಯಾಗಿ ಕೂಡಿಬಂದಿತ್ತು.

ನಿಮ್ಮ ಗಾಡಿಯ ಸ್ವರ ತಿಳಿಯಲು ಮೊಬೈಲ್ ಸಾಕು. ಆವರ್ತನ ತೋರಿಸುವ ಯಾವುದಾದರೂ ಆ್ಯಪ್ ಹಾಕಿ, ಮೊರೆತ ಜೋರಾಗಿರುವ ವೇಗದಲ್ಲಿ ಪಕ್ಕದವರ ಕೈಗೆ ಕೊಡಿ. ಯಾವ ಅಂಕಿಯ ಮೇಲೆ ಗೆರೆ ಗೋಪುರದಂತೆ ಏಳುತ್ತದೆ ಎಂದು ಬರೆದುಕೊಳ್ಳಲಿ. ಮೇಲಿನ ಲೆಕ್ಕದೊಂದಿಗೆ ಹೋಲಿಸಿ. ಭಾರ ಕಡಿಮೆಯಿದ್ದಾಗ ಅರ್ಧ ಸಿಲಿಂಡರುಗಳನ್ನು ಮಲಗಿಸುವ ಎಂಜಿನ್ನಾದರೆ ಅಂಕಿ ಅರ್ಧಕ್ಕೆ ಇಳಿದಿರುತ್ತದೆ, ಗಾಬರಿಯಾಗಬೇಡಿ. ದನಿಯ ಅಂದವನ್ನು ಮಾತ್ರ ಮೊಬೈಲಿನಲ್ಲಿ ತೂಗಬೇಡಿ. ಪರದೆಯ ಮೇಲೆ ನೋಡುವ ಎಕ್ಸಾಸ್ಟ್ ವಿಡಿಯೋಗಳಲ್ಲಿ ಜೋರು ಶಬ್ದವನ್ನು ಮೈಕ್ ತಾನೇ ತಗ್ಗಿಸಿರುತ್ತದೆ, ತಗ್ಗಿನ ಸ್ವರಗಳು ಸ್ಪೀಕರಿನಲ್ಲಿ ಬರುವುದೇ ಇಲ್ಲ. ಅಲ್ಲದೆ ಅವನ್ನು ಚಿತ್ರಿಸುವುದು ಗಾಡಿಯ ಹಿಂದೆ ನಿಂತು. ನೀವು ಕೂರುವುದು ಒಳಗೆ.

ಮೊರೆತಕ್ಕೆ ಮದ್ದು ಒಂದು ಕುರುಡು ಕೊಳವೆ. ಮುಖ್ಯ ಕೊಳವೆಯಿಂದ ಕವಲೊಡೆದು, ಇನ್ನೊಂದು ತುದಿ ಮುಚ್ಚಿರುವ ಕೊಳವೆ. ಅದರ ಉದ್ದ ಆ ಅಲೆಯ ಕಾಲು ಭಾಗದಷ್ಟಿದ್ದರೆ, ಒಳಹೊಕ್ಕ ಅಲೆ ತಳಮುಟ್ಟಿ ಹಿಂತಿರುಗುವಷ್ಟರಲ್ಲಿ ಅರ್ಧ ಅಲೆಯಷ್ಟು ತಡವಾಗಿರುತ್ತದೆ. ಅಷ್ಟರಲ್ಲಿ ಹೊರಗಿನ ಅಲೆ ತಲೆಕೆಳಗಾಗಿರುತ್ತದೆ; ಎರಡೂ ಒಂದನ್ನೊಂದು ಅಳಿಸುತ್ತವೆ. ಹೊಗೆ ಅದರ ಮೂಲಕ ಹರಿಯುವುದೇ ಇಲ್ಲವಾದ್ದರಿಂದ ತಡೆಯೂ ಇಲ್ಲ, ಉಳಿದ ಸ್ವರಗಳಿಗೆ ಹೆಚ್ಚಿನ ಪೆಟ್ಟೂ ಇಲ್ಲ. ಜಾಗಕ್ಕಾಗಿ ಅದನ್ನು ಕೊಡೆಯ ಹಿಡಿಯಂತೆ ಬಗ್ಗಿಸಿ ಮುಖ್ಯ ಕೊಳವೆಯ ಪಕ್ಕದಲ್ಲೇ ಓಡಿಸುತ್ತಾರೆ.

ನೇರ ಕೊಳವೆ ಕಿತ್ತು, ಉದ್ದನೆಯ ನೇರ ಹಾಯುವ ಮಫ್ಲರ್ ಮತ್ತು ರೆಸೊನೇಟರ್ ಹಾಕಿಸಿದ ಮೇಲೆ ನನ್ನ ಗಾಡಿಯ ದನಿ ಹೊರಗೆ ಮನಸ್ಸಿಗೆ ಒಪ್ಪಿತ್ತು. ಒಳಗೆ 1,500ರಲ್ಲಿ ಮಾತ್ರ ಗುಂಯ್ ಉಳಿದಿತ್ತು. ಕುರುಡು ಕೊಳವೆಯ ಉದ್ದ ಲೆಕ್ಕ ಹಾಕಿದೆ: ಅಲೆಯ ಉದ್ದ 343 ಭಾಗಿಸು 100 ಹರ್ಟ್ಸ್, ಅದರ ಕಾಲು ಭಾಗ ಬೇಕಾದ್ದರಿಂದ 343 ಭಾಗಿಸು 400, ಎಂದರೆ 86 ಸೆಂಟಿಮೀಟರ್. ಕತ್ತರಿಸಿ ಬೆಸೆಸಿ ಹೆದ್ದಾರಿಗೆ ಹೋದೆ. 1,500ರಲ್ಲಿ ಗುಂಯ್ ಹಾಗೇ ಇತ್ತು. ಬದಲಿಗೆ 1,750ರ ಹತ್ತಿರ ದನಿ ತಟ್ಟನೆ ಮೆತ್ತಗಾಗುತ್ತಿತ್ತು. ಅಲ್ಲಿ ನನಗೆ ಮೊದಲಿನಿಂದಲೂ ಯಾವ ತೊಂದರೆಯೂ ಇರಲಿಲ್ಲ. ತಣ್ಣನೆಯ ಗಾಳಿಯ ವೇಗವನ್ನು ಬಿಸಿ ಕೊಳವೆಗೆ ಹಾಕಿದ್ದೆ. ಹೊಗೆ ಹರಿಯದ ಕುರುಡು ಕೊಳವೆ ಮುಖ್ಯ ಕೊಳವೆಯಷ್ಟು ಸುಡುವುದಿಲ್ಲ, ಆದರೂ ಒಳಗೆ 125 ಡಿಗ್ರಿ ಎಂದಿಟ್ಟುಕೊಂಡರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 400 ಮೀಟರ್. ಹಾಗಾದರೆ ಬೇಕಿದ್ದದ್ದು ಸರಿಯಾಗಿ ಒಂದು ಮೀಟರ್.

ಗ್ಯಾರೇಜಿಗೆ ಮರಳಿ, ಮುಚ್ಚಿದ ತುದಿಯನ್ನು ಕತ್ತರಿಸಿ ಹದಿನಾಲ್ಕು ಸೆಂಟಿಮೀಟರ್ ಸೇರಿಸಿ ಬೆಸೆಯಲು ಹೇಳಿದೆ. ವೆಲ್ಡರ್ ಏನೂ ಕೇಳಲಿಲ್ಲ, ಟೇಪು ಹಿಡಿದು ನನ್ನ ಮುಖವನ್ನೊಮ್ಮೆ ನೋಡಿದರು, ಅಷ್ಟೆ. ಈಗ 1,500ರಲ್ಲಿ ಟೈರಿನ ಸದ್ದು ಕೇಳಿಸುತ್ತದೆ.